ಬೆನ್ನಿನ ನೋವು, ಊರಿನ ಹೆಸರು

ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ, ಕಪಾಟಿನ ಕೆಳಗಿನ ಸಾಲಿನಿಂದ ನಿಘಂಟಿನ ಸಂಪುಟವೊಂದನ್ನು ತೆಗೆಯಲೆಂದು ಬಗ್ಗಿದವನು ಮತ್ತೆ ಏಳಲಾರದೆ ಹಾಗೆಯೇ ನಿಂತುಬಿಟ್ಟೆ. ಅಡಿಗೆಮನೆಯಿಂದ ಬಂದ ನನ್ನ ಹೆಂಡತಿ ಒಂದು ಕ್ಷಣ ನೋಡಿ, "ಏನೂಂದ್ರೆ, ಪುಸ್ತಕಕ್ಕೆ ನಮಸ್ಕಾರವೋ?" ಎಂದು ನಕ್ಕಳು. ನನ್ನ ಮುಖ ಕಂಡಮೇಲೆ ನಗು ನಿಂತಿತು. ಮಗನೂ ಅವಳೂ ಸೇರಿ ನನ್ನನ್ನು ಮಂಚಕ್ಕೆ ಸಾಗಿಸಿದರು. ಆ ಸಂಪುಟ ಮೂರು ವಾರ ನೆಲದ ಮೇಲೆಯೇ ಬಿದ್ದಿತ್ತು.

ಆಸ್ಪತ್ರೆಯೊಂದರಲ್ಲಿ ಕ್ಷ-ಕಿರಣದ ಚಿತ್ರ ತೆಗೆದರು. ವೈದ್ಯರು ಪರದೆಯ ಮೇಲೆ ನನ್ನ ಬೆನ್ನೆಲುಬನ್ನು ತೋರಿಸಿ, "ನೋಡಿ ಮೇಷ್ಟ್ರೇ, ಸವೆದಿದೆ" ಎಂದರು. ಸೊಂಟದ ಮಣಿಗಳ ಅಂಚಿನಲ್ಲಿ ಗಿಣಿಯ ಕೊಕ್ಕಿನಂತೆ ಚಾಚಿಕೊಂಡ ಎಲುಬು, ಮಣಿಗಳ ನಡುವೆ ಕಿರಿದಾದ ಸಂದು. "ಬಗ್ಗಬೇಡಿ, ಭಾರ ಎತ್ತಬೇಡಿ, ಮಲಗಿರಿ" ಎಂಬ ಅಪ್ಪಣೆಯೂ ಆಯಿತು. ನಾನು ವಿಧೇಯ ರೋಗಿ. ಮಲಗಿದೆ. ಸವೆದದ್ದನ್ನು ಇನ್ನಷ್ಟು ಸವೆಸಲು ಯಾರಿಗೆ ಮನಸ್ಸು ಬಂದೀತು? ಹಳೆಯ ಚಪ್ಪಲಿಯನ್ನು ಜೋಪಾನವಾಗಿ ತೆಗೆದಿಡುವವನಂತೆ ನನ್ನ ಬೆನ್ನನ್ನು ತೆಗೆದಿಟ್ಟೆ. ಮೂರು ವಾರ ಕಳೆಯುವ ಹೊತ್ತಿಗೆ ಮೊದಲು ಬಗ್ಗಲು ಆಗದಿದ್ದವನಿಗೆ ನಿಲ್ಲಲೂ ಆಗದಂತಾಯಿತು.

ನಮ್ಮ ರಾಜೀವನಗರದ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ತೊಡೆಯ ಮೇಲೆ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ದಾರ. ಹೊಸಿಲ ಬಳಿ ಬೆಳಕಿಗೆ ಮುಖಮಾಡಿ ಕುಳಿತರೆ ಕತ್ತು ಬಗ್ಗಿದ್ದು ಬಗ್ಗಿದ ಹಾಗೆಯೇ. ನನ್ನನ್ನು ನೋಡಲು ಬಂದ ಪಕ್ಕದ ಮನೆಯ ಅಕ್ಕ, "ಮೇಷ್ಟ್ರೇ, ನೀವು ಓದೋಕೆ ಬಗ್ಗಿದ್ರಿ, ನಾವು ಬೀಡಿಗೆ ಬಗ್ಗಿದ್ವಿ. ನೋವು ಒಂದೇ. ಆದ್ರೆ ನಾನು ಮಲಗಿದ್ರೆ ಆ ದಿನದ ಕೂಲಿ ಹೋಗುತ್ತೆ. ಅದಕ್ಕೇ ಎದ್ದು ಓಡಾಡ್ತೀನಿ" ಎಂದರು. ಆಗ ಆ ಮಾತನ್ನು ಬಡತನದ ಮಾತೆಂದು ಕೇಳಿದೆ. ಅದರಲ್ಲಿ ವೈದ್ಯವೂ ಇತ್ತೆಂಬುದು ಆಮೇಲೆ ತಿಳಿಯಿತು.

ಮಲಗಿದವನಿಗೆ ಓದು ಬಿಟ್ಟರೆ ಬೇರೇನು? ಕನ್ನಡದ ಅಧ್ಯಾಪಕನಾದ್ದರಿಂದ ರೋಗಕ್ಕಿಂತ ರೋಗದ ಹೆಸರುಗಳ ಮೇಲೆಯೇ ನನಗೆ ಕಣ್ಣು. ನಮ್ಮ ಮಾತಿನಲ್ಲಿ ಬೆನ್ನಿಗೆ ಎಷ್ಟು ಕೆಲಸ! ಕೊಂಡಾಡುವಾಗ ಬೆನ್ನು ತಟ್ಟುತ್ತೇವೆ, ಸೋತಾಗ ಬೆನ್ನು ತೋರುತ್ತೇವೆ, ಕಾಡುವವನು ಬೆನ್ನು ಹತ್ತುತ್ತಾನೆ, ಒಡಹುಟ್ಟಿದವರು ಬೆನ್ನಿಗೆ ಬಿದ್ದವರು. ಅದರ ನೋವಿಗೆ ಮಾತ್ರ ಉಳುಕು, ಹಿಡಿತ, ವಾಯು ಎಂಬ ಮೂರು ಮಾತಿನಲ್ಲಿ ಮುಗಿಸಿದ್ದೇವೆ. ವಾಯು ಎಂಬುದು ಹಿಂದಿನಿಂದ ಬಂದ ವಿಚಾರ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಾತದಿಂದ ಬರುವ ವ್ಯಾಧಿಗಳು ಎಂಬತ್ತೆಂದು ಎಣಿಸಿದೆ. ಪಿತ್ತಕ್ಕೆ ನಲವತ್ತು, ಕಫಕ್ಕೆ ಇಪ್ಪತ್ತು. ಈ ಎಂಬತ್ತರಲ್ಲಿ ಬೆನ್ನಿನ ಹಿಡಿತಕ್ಕೆ ಪೃಷ್ಠಗ್ರಹವೆಂದೂ, ಸೊಂಟದ ಕೆಳಗಿನ ಹಿಡಿತಕ್ಕೆ ತ್ರಿಕಗ್ರಹವೆಂದೂ, ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಗೃಧ್ರಸಿಯೆಂದೂ ಹೆಸರು. ಗೃಧ್ರವೆಂದರೆ ಹದ್ದು. ಆ ನೋವಿರುವವನು ಕುಪ್ಪಳಿಸುತ್ತ ನಡೆಯುವುದನ್ನು ಒಮ್ಮೆ ನೋಡಿದವರು ಈ ಹೆಸರನ್ನು ಮರೆಯಲಾರರು. ಅದೇ ಪಟ್ಟಿಯಲ್ಲಿ, ತ್ರಿಕಗ್ರಹದ ಮಗ್ಗುಲಲ್ಲೇ, ಖಂಜತ್ವ, ಕುಬ್ಜತ್ವ, ವಾಮನತ್ವ ಎಂಬ ಮೂರು ಮಾತುಗಳಿವೆ: ಕುಂಟುವುದು, ಗೂನಾಗುವುದು, ಗಿಡ್ಡನಾಗುವುದು. ಸೊಂಟನೋವಿಗೂ ಗಿಡ್ಡತನಕ್ಕೂ ಏನು ನೆಂಟು, ಇವನ್ನೇಕೆ ಒಂದೇ ಸಾಲಿನಲ್ಲಿ ಕೂರಿಸಿದರು ಎಂದು ಆಶ್ಚರ್ಯವಾಯಿತು. ಆ ಸಾಲಿನ ಬಳಿ ಬೆರಳಿಟ್ಟುಕೊಂಡೇ ಬಹಳ ಹೊತ್ತು ಇದ್ದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು 'ಸವೆತ'ದ ಲೆಕ್ಕ ಮುಗಿಸಬೇಕು. ೧೮೯೫ರ ನವೆಂಬರಿನಲ್ಲಿ ಜರ್ಮನಿಯ ರಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದಮೇಲೆ, ಅಲ್ಲಿಯವರೆಗೆ ಕಾಣದಿದ್ದ ವಾಯುವಿನ ಜಾಗದಲ್ಲಿ ಕಾಣುವ ಎಲುಬು ಬಂದು ಕುಳಿತಿತು. ಕಂಡದ್ದೇ ಕಾರಣವೆಂದು ನಂಬುವುದು ಮನುಷ್ಯಸ್ವಭಾವ. ನಮ್ಮ ಬೆನ್ನುಗಂಬದಲ್ಲಿ ಅಲುಗಾಡುವ ಮಣಿಗಳು ೨೪: ಕತ್ತಿನಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫. ಮಣಿ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್. ಹಿಂಬದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕೀಲು. ಈ ಕೀಲುಗಳಲ್ಲಿ ಎಲುಬಿನ ತುದಿಯನ್ನು ಹೊದ್ದಿರುವ ಮೃದ್ವಸ್ಥಿ ತೆಳುವಾಗಿ, ಮೆತ್ತೆ ಬತ್ತಿ, ಅಂಚಿನಲ್ಲಿ ಹೊಸ ಎಲುಬು ಬೆಳೆಯುವುದನ್ನು ಬೆನ್ನಿನ ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ಸ್ಪಾಂಡಿಲೋಸಿಸ್ ಎಂಬುದು ಹೆಚ್ಚು ಬಳಕೆಯ ಮಾತು. ಗ್ರೀಕಿನಲ್ಲಿ ಸ್ಪೊಂಡಿಲೊಸ್ ಎಂದರೆ ಬೆನ್ನುಮಣಿ, ಅಷ್ಟೆ. ಆ ಹೆಸರಿನಲ್ಲಿ ಸವೆತವೆಂಬ ಅರ್ಥವೇ ಇಲ್ಲ. ಅದನ್ನು ಕನ್ನಡಕ್ಕೆ ತರುವಾಗ ನಾವು ಸೇರಿಸಿದ್ದು.

ಸೇರಿಸಿದ ಮಾತು ಸುಳ್ಳೆಂದಲ್ಲ, ಅರ್ಧ ನಿಜ. ಗಾಡಿಯ ಅಚ್ಚು ಸವೆಯುತ್ತದೆ. ಅಚ್ಚಿಗೆ ಜೀವವಿಲ್ಲ, ತಿರುಗಿದಷ್ಟೂ ನಷ್ಟ. ಕೀಲು ಹಾಗಲ್ಲ. ಬೆಳೆದವರ ಡಿಸ್ಕಿನ ಒಳಗೆ ರಕ್ತನಾಳಗಳಿಲ್ಲ. ಅಕ್ಕಪಕ್ಕದ ಎಲುಬಿನಿಂದ ಒಸರಿ ಬರುವುದೇ ಅದರ ಆಹಾರ. ಮೃದ್ವಸ್ಥಿಯದೂ ಇಂಥದೇ ಬದುಕು. ಕೀಲಿನ ದ್ರವವನ್ನು ಹೀರುವುದಕ್ಕೆ ಅದು ಅದುಮಿ ಬಿಡುವ ಚಲನೆಯನ್ನು ನೆಚ್ಚಿಕೊಂಡಿದೆ. ಅಂಚಿನಲ್ಲಿ ಬೆಳೆಯುವ ಕೊಕ್ಕು ಕೂಡ ದೇಹ ತನ್ನ ಅಲುಗುವ ಕಂಬವನ್ನು ಭದ್ರಪಡಿಸಿಕೊಳ್ಳಲು ಮಾಡಿದ ಒರಟು ರಿಪೇರಿ. ೧೯೮೬ರಲ್ಲಿ ಅಮೆರಿಕದ ಡೆಯೊ ಎಂಬ ವೈದ್ಯರೂ ಅವರ ಜೊತೆಯವರೂ ಬೆನ್ನುನೋವಿನ ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಿರಲು ಹೇಳಿ ನೋಡಿದರು. ಏಳು ದಿನದವರಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು. ೧೯೯೫ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ನಗರದ ನೌಕರರಲ್ಲಿ ಇಂಥದೇ ಪರೀಕ್ಷೆ ನಡೆದಾಗ, ಮಲಗಿದವರಿಗಿಂತಲೂ, ಬೆನ್ನಿನ ವ್ಯಾಯಾಮಕ್ಕೆ ಹಚ್ಚಿದವರಿಗಿಂತಲೂ, ನೋವು ಬಿಟ್ಟಷ್ಟರ ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು. ನಮ್ಮ ಪಕ್ಕದ ಮನೆಯ ಅಕ್ಕ ಹೇಳಿದ್ದೂ ಅದನ್ನೇ. ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು. ೧೯೯೪ರಲ್ಲಿ ಬೆನ್ನುನೋವೇ ಇಲ್ಲದ ೯೮ ಜನರ ಬೆನ್ನನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿದರು. ಸೊಂಟದ ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ ೩೬ ಮಾತ್ರ! ಉಳಿದವರು 'ಸವೆದ' ಬೆನ್ನನ್ನು ಹೊತ್ತುಕೊಂಡು, ಹೆಸರು ತಿಳಿಯದ ಕಾರಣ, ಸುಖವಾಗಿದ್ದರು.

ಇದನ್ನು ನನಗೆ ತಿಳಿಸಿ ಮಂಚದಿಂದ ಎಬ್ಬಿಸಿದವರು ಒಬ್ಬ ಭೌತಚಿಕಿತ್ಸಕರು. ಬಿಸಿನೀರಿನ ಕಾವು, ನೋವಿಗೆ ಕೆಲವು ದಿನ ಮಾತ್ರೆ, ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳಿಗೆ ನಿಧಾನವಾಗಿ ಹೆಚ್ಚುವ ವ್ಯಾಯಾಮ, ದಿನಕ್ಕೆ ಎರಡು ಹೊತ್ತು ನಡಿಗೆ, ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳುವುದು, ಮೈತೂಕ ಇಳಿಸುವುದು. ಒಂದು ಎಚ್ಚರಿಕೆಯನ್ನೂ ಕೊಟ್ಟರು: ಕಾಲಿನ ಬಲ ಕುಂದುತ್ತ ಬಂದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಆಗ ಈ ಯಾವುದನ್ನೂ ನೆಚ್ಚಿಕೊಳ್ಳದೆ ಆ ದಿನವೇ ಆಸ್ಪತ್ರೆಗೆ ಓಡಬೇಕು. ಅಂಥದೇನೂ ನನಗಿರಲಿಲ್ಲ. ಇದ್ದದ್ದು ಹೆಸರಿನ ಭಯ.

ಹೆಸರಿನ ಭಯ ಎಂದೆನಲ್ಲ, ಅಲ್ಲಿಯೇ ಆ ಚರಕನ ಪಟ್ಟಿ ನನ್ನನ್ನು ತಡೆದದ್ದು. ಖಂಜ, ಕುಬ್ಜ, ವಾಮನ: ಈ ಮೂರೂ ಸೊಂಟದ ನೋವಿನೊಡನೆ ಒಂದೇ ಮನೆಯಲ್ಲಿ ಕೂಡಿದ್ದನ್ನು ನಾನು ಕೇಳಿಬಲ್ಲೆ, ಪುಸ್ತಕದಲ್ಲಲ್ಲ, ಸಾಗರದಲ್ಲಿ. ಮೈಸೂರಿಗೆ ಬರುವುದಕ್ಕೆ ಮುಂಚೆ ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಕೆಲವು ವರ್ಷ ಪಾಠ ಹೇಳಿದೆ. ಮೊದಲ ವರ್ಷ, ತರಗತಿಯ ದಾಖಲೆ ತುಂಬುವಾಗ ಒಬ್ಬ ಹುಡುಗಿ ಊರಿನ ಹೆಸರಿನ ಜಾಗವನ್ನು ಬಿಟ್ಟು ಬರಿಯ 'ಸಾಗರ ತಾಲ್ಲೂಕು' ಎಂದು ಬರೆದಿದ್ದಳು. "ಇದೇನಮ್ಮಾ, ತಾಲ್ಲೂಕೆಲ್ಲ ನಿನ್ನದೇನು?" ಎಂದೆ. ತರಗತಿ ನಕ್ಕಿತು. ಅವಳು ನಗಲಿಲ್ಲ. ಪೀರಿಯಡ್ಡು ಮುಗಿದಮೇಲೆ ಮೇಜಿನ ಬಳಿ ಬಂದು, "ಹಂದಿಗೋಡು, ಸಾರ್. ಬರೆದರೆ ಎಲ್ಲರೂ ನಮ್ಮನೆಯವರ ಕಾಲು ನೋಡ್ತಾರೆ" ಎಂದಳು. ಅವಳ ಮನೆಯಲ್ಲಿ ಯಾರಿಗೂ ಆ ಕಾಯಿಲೆ ಇರಲಿಲ್ಲ.

'ಹಂದಿಗೋಡು ಕಾಯಿಲೆ'ಯ ಮಾತನ್ನು ಅಲ್ಲಿಯವರೆಗೆ ಪತ್ರಿಕೆಗಳಲ್ಲಿ ಓದಿದ್ದೆ. ಆಮೇಲೆ ಅದರ ಚರಿತ್ರೆಯನ್ನು ಹುಡುಕಿ ಓದಿದೆ. ೧೯೭೪-೭೫ರ ಸುಮಾರಿನಲ್ಲಿ ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ಕೂಲಿಮಾಡುವ ಜನ ಸೊಂಟದ ಕೀಲಿನ ನೋವಿನಿಂದ ಕುಸಿಯುತ್ತಿರುವುದು ಹೊರಗಿನವರ ಗಮನಕ್ಕೆ ಬಂತು. ದುಡಿಯುವ ವಯಸ್ಸಿನಲ್ಲೇ ಸೊಂಟ ಹಿಡಿಯುವುದು. ನಡಿಗೆ ಬಾತುಕೋಳಿಯಂತಾಗಿ, ಕೋಲು ಬಂದು, ಕಡೆಗೆ ಕೆಲವರು ಕೈಯೂರಿ ತೆವಳುವ ಸ್ಥಿತಿ. ಕೆಲವರ ಬೆನ್ನುಮಣಿಗಳೂ ಚಪ್ಪಟೆಯಾಗಿ ಎತ್ತರ ಕುಗ್ಗಿತ್ತು. ಕೆಲವರು ಹುಟ್ಟಿನಿಂದಲೇ ತೀರ ಗಿಡ್ಡ. ಹೆಚ್ಚಾಗಿ ನೋವುಂಡವರು ಚನ್ನಂಗಿ ಮತ್ತು ಛಲವಾದಿ ಎಂಬ ಎರಡು ದಲಿತ ಸಮುದಾಯಗಳವರು. ಗದ್ದೆಯ ಕೆಲಸವೇ ಜೀವನವಾದವರಿಗೆ ಸೊಂಟ ಹೋಯಿತೆಂದರೆ ಏನು ಹೋಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾಟಿಯೂ ಕಳೆಯೂ ಕೊಯ್ಲೂ ಬಗ್ಗಿಯೇ ಮಾಡುವ ಕೆಲಸಗಳು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಿಂದ ರಮೇಶ ವಿ. ಭಟ್ ಮತ್ತು ಕೃಷ್ಣಮಾಚಾರಿ ಎಂಬ ವಿಜ್ಞಾನಿಗಳು ಬಂದರು. ೧೯೭೭ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ 'ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ' ಎಂಬರ್ಥದ ಹೆಸರಿಟ್ಟರು. ಕೌಟುಂಬಿಕವೆಂಬ ಮಾತು ಅದರಲ್ಲಿ ಮೊದಲೇ ಇದ್ದುದನ್ನು ಗಮನಿಸಬೇಕು. ಆದರೂ ಪೋಷಣ ಸಂಸ್ಥೆಯವರ ಕಣ್ಣು ಅನ್ನ ನೀರುಗಳ ಕಡೆ ಹರಿದದ್ದು ಸಹಜ. ಇದೇ ಕೃಷ್ಣಮಾಚಾರಿಯವರು ೧೯೭೩ರಲ್ಲಿ, ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪ್ರದೇಶದಲ್ಲಿ ಮಕ್ಕಳ ಮೊಣಕಾಲುಗಳು ಒಳಕ್ಕೆ ಬಾಗುವ ಕಾಯಿಲೆಯನ್ನು ಕುರಿತು ಬರೆದಿದ್ದರು. ನೀರು ಎಲುಬನ್ನು ಬಾಗಿಸಬಲ್ಲುದೆಂದು ಕಂಡವರು ಮಲೆನಾಡಿನಲ್ಲೂ ಅಂಥ ಕಾರಣವನ್ನೇ ಹುಡುಕಿದರು. ಆ ಕಾಲಕ್ಕೆ ಗದ್ದೆಗಳಿಗೆ ಹೊಸ ತಳಿಯ ಭತ್ತ ಬಂದಿತ್ತು; ಅದರ ಹಿಂದೆಯೇ ಎಂಡ್ರಿನ್, ಪ್ಯಾರಾಥಿಯಾನ್ ಎಂಬ ಕೀಟನಾಶಕಗಳು. ಬಡ ಕೂಲಿಗಳು ಅದೇ ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದರು. ವಿಷ ಏಡಿಯ ಮೂಲಕ ಮನುಷ್ಯನ ಎಲುಬಿಗೆ ಬಂತೇ ಎಂಬ ಶಂಕೆ ಹೀಗೆ ಹುಟ್ಟಿತು.

ಶಂಕೆ ವಿಜ್ಞಾನಿಯ ಬಾಯಲ್ಲಿ ಒಂದು ರೂಪ, ಬೀದಿಯ ಬಾಯಲ್ಲಿ ಇನ್ನೊಂದು. ನಾನಲ್ಲಿದ್ದಾಗ, ಅಂದರೆ ಮೂವತ್ತು ವರ್ಷ ಕಳೆದಮೇಲೂ, ಬಸ್ಸಿನಲ್ಲಿ ಪಕ್ಕ ಕುಳಿತ ಹಿರಿಯರೊಬ್ಬರು "ಏಡಿ ತಿಂದರೆ ಇನ್ನೇನಾಗುತ್ತೆ, ಏಡಿಯ ಹಾಗೇ ನಡೀತಾರೆ" ಎಂದುಬಿಟ್ಟರು. ವಿಷ ಚೆಲ್ಲಿದ ಕೈ ಆ ಮಾತಿನಲ್ಲಿ ಎಲ್ಲೂ ಇಲ್ಲ; ತಿಂದ ಬಾಯಿ ಮಾತ್ರ ಇದೆ. ಹಸಿದವನ ಊಟವನ್ನೇ ಅವನ ಅಪರಾಧ ಮಾಡುವುದು ನಮ್ಮಲ್ಲಿ ಹಳೆಯ ಚಾಳಿ.

ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ನಡೆದುವು. ಲಖನೌದ ಅಗರ್‌ವಾಲ್ ಮತ್ತು ಸಂಗಡಿಗರು ಮನೆ ಮನೆಯ ವಂಶವೃಕ್ಷ ಬರೆದು, ಎಲುಬಿನ ಚಿತ್ರಗಳನ್ನು ತೆಗೆದು, ೧೯೯೪ರಲ್ಲಿ ಇದು ಹುಟ್ಟಿನಿಂದ ಬರುವ ಎಲುಬಿನ ಬೆಳವಣಿಗೆಯ ದೋಷವೆಂದೂ, ಅಲ್ಲಿಯವರೆಗೆ ವೈದ್ಯಶಾಸ್ತ್ರದಲ್ಲಿ ಕಾಣದ ಒಂದು ಹೊಸ ಬಗೆಯೆಂದೂ ತಿಳಿಸಿದರು. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಸಮುದಾಯ ಚಿಕ್ಕದು, ಕೊಡುಕೊಳ್ಳುವುದು ಒಳಗೊಳಗೇ. ಹಾಗಾಗಿ ದೋಷ ಮನೆ ಬಿಟ್ಟು ಮನೆಗೆ ಹೋದರೂ ಬಳಗ ಬಿಟ್ಟು ಹೋಗಲಿಲ್ಲ. ಕೀಲಿನ ತುದಿಗಳು ಮೊದಲಿನಿಂದಲೇ ಸರಿಯಾಗಿ ಕೂಡದ ಕಾರಣ, ಉಳಿದವರಿಗೆ ಅರವತ್ತು ದಾಟಿದಮೇಲೆ ಬರುವ ಕೀಲುರೋಗ ಇವರಿಗೆ ಹರೆಯದಲ್ಲೋ ನಡುವಯಸ್ಸಿನಲ್ಲೋ ಬಂದುಬಿಡುತ್ತಿತ್ತು. ಅವರು ಇದರಲ್ಲಿ ಮೂರು ಬಗೆಗಳನ್ನು ಗುರುತಿಸಿದರು: ಎತ್ತರ ಸರಿಯಿದ್ದು ಸೊಂಟದ ಕೀಲು ಮಾತ್ರ ಕೆಟ್ಟದ್ದು, ಬೆನ್ನುಮಣಿಗಳೂ ಕೆಟ್ಟು ಮೈ ಕುಗ್ಗಿದ್ದು, ತೀರ ಗಿಡ್ಡವಾದದ್ದು. ಖಂಜ, ಕುಬ್ಜ, ವಾಮನ! ಚರಕನ ಪಟ್ಟಿಗೂ ಈ ವರ್ಗೀಕರಣಕ್ಕೂ ಸಂಬಂಧ ಕಲ್ಪಿಸುವಷ್ಟು ಹುಚ್ಚು ನನಗಿಲ್ಲ. ಆದರೆ ಕಾರಣ ತಿಳಿಯದ ಕಾಲದಲ್ಲೂ ಕಣ್ಣಿಟ್ಟು ನೋಡಿದವರು ಈ ಮೂರನ್ನು ಅಕ್ಕಪಕ್ಕದಲ್ಲಿ ಬರೆದಿದ್ದರಲ್ಲ ಎಂದು ಮಂಚದ ಮೇಲೆ ಮಲಗಿದ್ದ ನನಗೆ ಸೋಜಿಗವಾಯಿತು.

ಏಡಿಯ ಮೇಲಿನ ಆಪಾದನೆ ಹೀಗೆ ತೊಲಗಿತು. ಆದರೆ ಅದರ ಜೊತೆಗೆ ಇನ್ನೊಂದೂ ತೊಲಗಿತೆಂದು ನನ್ನ ಅನಿಸಿಕೆ. ಗದ್ದೆಯ ವಿಷ ಕಾರಣವೆಂದಿದ್ದಾಗ ಗದ್ದೆಯ ಒಡೆಯ, ವಿಷ ಮಾರಿದವನು, ಮಾರಲು ಬಿಟ್ಟ ಸರ್ಕಾರ, ಎಲ್ಲರಿಗೂ ಒಂದಿಷ್ಟು ಹೊಣೆಯಿತ್ತು. ಕಾರಣ ರಕ್ತದಲ್ಲಿದೆಯೆಂದಮೇಲೆ ಯಾರ ಹೊಣೆಯೂ ಉಳಿಯಲಿಲ್ಲ. "ವಂಶದ್ದು, ಏನು ಮಾಡೋಕಾಗುತ್ತೆ?" ಎಂಬುದು ನನ್ನ ವೈದ್ಯರ "ಸವೆದಿದೆ" ಎಂಬ ಮಾತಿನ ಖಾಸಾ ತಮ್ಮ. ಮಾಡಬಹುದಾದ್ದು ಇಲ್ಲದಿಲ್ಲ. ಮೂಲವನ್ನು ಕೀಳುವ ಔಷಧವಿಲ್ಲ, ನಿಜ. ಆದರೆ ನೋವು ತಗ್ಗಿಸಬಹುದು, ಸ್ನಾಯುಗಳ ಬಲ ಉಳಿಸಬಹುದು, ಕೆಟ್ಟ ಸೊಂಟದ ಕೀಲನ್ನು ಶಸ್ತ್ರಕ್ರಿಯೆಯಿಂದ ಬದಲಿಸುವ ವಿದ್ಯೆ ಇದೆ, ಮದುವೆಗೆ ಮುಂಚೆ ವಂಶದ ವಿಚಾರ ಬಲ್ಲವರ ಸಲಹೆ ದೊರಕಿಸಬಹುದು, ಬಗ್ಗದೆ ಮಾಡುವ ಜೀವನೋಪಾಯ ಕಲ್ಪಿಸಬಹುದು. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನು ಗಿಡ್ಡತನವನ್ನು ಕೂಡ ಹೆಸರಿಟ್ಟು ಪಟ್ಟಿಗೆ ಸೇರಿಸಿತು. ಚರಕನ ನಂತರ ವಾಮನತ್ವಕ್ಕೆ ಸಿಕ್ಕ ಇನ್ನೊಂದು ಪಟ್ಟಿ ಅದು. ಇದರಲ್ಲಿ ಸೇರಿದರೆ ಹಕ್ಕಾದರೂ ಉಂಟು.

ಈಗ ಊರಿನ ಹೆಸರಿನ ಮಾತು. ಈ ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿದೆ. ಮೊದಲು ಕಣ್ಣಿಗೆ ಬಿದ್ದದ್ದು ಒಂದರಲ್ಲಿ, ಅದೊಂದೇ ಅದರ ತಪ್ಪು. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿಗೂ ಇದೇ ಗತಿ ಬರಬೇಕಾಗಿತ್ತು. ೧೯೫೭ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಜನಕ್ಕೆ ಜ್ವರ ಬಂದಾಗ ಜಗತ್ತಿನ ವೈದ್ಯಗ್ರಂಥಗಳು ಅದನ್ನು ಕ್ಯಾಸನೂರು ಕಾಡಿನ ಕಾಯಿಲೆಯೆಂದೇ ಬರೆದುಕೊಂಡುವು. ಆದರೆ ಮಲೆನಾಡಿನ ಜನ ಅದನ್ನು 'ಮಂಗನ ಕಾಯಿಲೆ' ಎಂದರು. ಊರು ಬಚಾವಾಯಿತು, ಅಪವಾದ ಪಾಪ ಮಂಗನಿಗೆ ಹೋಯಿತು. ಹಂದಿಗೋಡಿಗೆ ಅಂಥ ಅದೃಷ್ಟವಿರಲಿಲ್ಲ. ದಕ್ಷಿಣ ಆಫ್ರಿಕದ ಝುಲುನಾಡಿನಲ್ಲಿ ಹೆಚ್ಚುಕಡಿಮೆ ಇಂಥದೇ ಸೊಂಟದ ರೋಗವೊಂದಕ್ಕೆ ಎಂಸೆಲೆನಿ ಎಂಬ ಊರಿನ ಹೆಸರೇ ಅಂಟಿಕೊಂಡಿದೆ. ಸೈಬೀರಿಯದ ಕೀಲುರೋಗವೊಂದು ಮಾತ್ರ ಕಾಶಿನ್, ಬೆಕ್ ಎಂಬ ಇಬ್ಬರು ವೈದ್ಯರ ಹೆಸರು ಹೊತ್ತಿದೆ. ಹೊಸ ರೋಗಗಳಿಗೆ ಊರುಕೇರಿಗಳ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ತಿಳಿವಳಿಕೆ ಕೊಟ್ಟಿತು. ಅಷ್ಟು ಹೊತ್ತಿಗೆ ಆ ಹುಡುಗಿ ಪದವಿ ಮುಗಿಸಿ ಹೋಗಿದ್ದಳು.

ಅವಳಿಗೆ ನಾನು ಒಂದು ಪಾಠ ಹೇಳಿದ್ದೆ, ಆದೇಶಸಂಧಿಯ ಪಾಠ. ಕೋಡೆಂದರೆ ಗುಡ್ಡದ ತುದಿ. ಉತ್ತರಪದವಾದಾಗ ಕಕಾರ ಗಕಾರವಾಗಿ ಹಂದಿಗೋಡು. ಮೆಕ್ಕಲು ಮಣ್ಣಿಗೂ ಗೋಡೆಂಬ ಮಾತುಂಟು. ಆ ಅರ್ಥವೂ ಗದ್ದೆಯ ಊರಿಗೆ ಒಪ್ಪುತ್ತದೆ. ಅದೇ ತಾಲ್ಲೂಕಿನ ಕಾಗೋಡೂ ಈ ಜಾತಿಯ ಹೆಸರೇ. ೧೯೫೧ರಲ್ಲಿ ಕಾಗೋಡಿನ ಗೇಣಿದಾರರು, ಅಳತೆಯ ಕೊಳಗದಲ್ಲಿ ಆಗುತ್ತಿದ್ದ ಮೋಸವನ್ನು ಎದುರಿಸಿ ಸತ್ಯಾಗ್ರಹ ಹೂಡಿದರು. ಗಣಪತಿಯಪ್ಪನವರು ಮುಂದೆ ನಿಂತರು, ಲೋಹಿಯಾ ಬಂದು ಸೆರೆಯಾದರು. ಆ ಊರು ನಾಡಿನ ಚರಿತ್ರೆಯಲ್ಲಿ ತಲೆಯೆತ್ತಿ ನಿಂತಿತು. "ಎರಡೂ ಗೋಡೇ ಕಣಮ್ಮಾ" ಎಂದು ನಾನು ಉತ್ಸಾಹದಿಂದ ಹೇಳಿದೆ. ಹುಡುಗಿ ಗಮನವಿಟ್ಟು ಕೇಳಿ, "ಅವರದ್ದು ಸತ್ಯಾಗ್ರಹ ಸಾರ್, ನಮ್ಮದು ಸೊಂಟ" ಎಂದಳು. ದಾಖಲೆಯಲ್ಲಿ ಊರಿನ ಹೆಸರನ್ನು ಆ ಸಂಜೆ ನಾನೇ ಪೂರ್ತಿಯಾಗಿ ಬರೆದೆ. ನಿಯಮ ಹಾಗಿತ್ತು. ಅವಳು ಅದನ್ನು ನೋಡಿದ್ದಳೆಂದು ಎಷ್ಟೋ ತಿಂಗಳ ಮೇಲೆ ತಿಳಿಯಿತು. ಅವಳೇನೂ ಅನ್ನಲಿಲ್ಲ. ಬೇರೆ ಹುಡುಗಿಯರಂತೆ ಪಾಠ ಮುಗಿದಮೇಲೆ ಮೇಜಿನ ಬಳಿ ಬಂದು ಮಾತಾಡುವುದನ್ನು ಬಿಟ್ಟಿದ್ದಳು.

ನಾನೀಗ ಮೊದಲಿನಂತೆ ಓಡಾಡುತ್ತೇನೆ. ಮಳೆಗಾಲದ ಬೆಳಿಗ್ಗೆ ಸೊಂಟ ಸ್ವಲ್ಪ ಗೊಣಗುತ್ತದೆ. ರಾಜೀವನಗರದ ರಸ್ತೆಗಳಲ್ಲಿ ಎರಡು ಸುತ್ತು ನಡೆದರೆ ಸುಮ್ಮನಾಗುತ್ತದೆ. ಪಕ್ಕದ ಮನೆಯ ಅಕ್ಕ ಹೊಸಿಲ ಬಳಿ ಮೊರ ಹಿಡಿದು ಕುಳಿತಿರುತ್ತಾರೆ. ಭೌತಚಿಕಿತ್ಸಕರು ನನಗೆ ಕಲಿಸಿದ ವ್ಯಾಯಾಮಗಳಲ್ಲಿ ಎರಡನ್ನು ಅವರಿಗೆ ತೋರಿಸಿಕೊಟ್ಟೆ. ಗೋಡೆಗೆ ಬೆನ್ನು ಕೊಟ್ಟು ಕೂರಲು ಹೇಳಿದೆ. ಕೂತು ನೋಡಿ, "ಇಲ್ಲಿ ಬೆಳಕು ಬರಲ್ಲ ಮೇಷ್ಟ್ರೇ" ಎಂದು ಮತ್ತೆ ಹೊಸಿಲಿಗೇ ಬಂದರು.

ಕಳೆದ ತಿಂಗಳು ಅಂಚೆಯಲ್ಲಿ ಒಂದು ಮದುವೆಯ ಕರೆಯೋಲೆ ಬಂತು. ಆ ಹುಡುಗಿಯ ತಂಗಿಯ ಮದುವೆ. ವಿಳಾಸ ಅವಳೇ ಬರೆದದ್ದು, ಅಕ್ಷರ ಗುರುತು ಸಿಕ್ಕಿತು. ವರನ ಕಡೆಯ ಊರು, ಅಂಚೆ, ತಾಲ್ಲೂಕು, ಜಿಲ್ಲೆ ಎಲ್ಲವೂ ಅಚ್ಚಾಗಿದ್ದುವು. ವಧುವಿನ ತಂದೆಯ ಹೆಸರಿನ ಕೆಳಗೆ ಬರಿಯ 'ಸಾಗರ ತಾಲ್ಲೂಕು'. ಹೋಗಲೇಬೇಕೆಂದು ಹೆಂಡತಿಗೆ ಹೇಳಿದೆ. ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲು ಬೆನ್ನು ಒಪ್ಪೀತೇ ಎಂದಳು. ತಾಳಗುಪ್ಪದ ರೈಲಿಗೆ ಟಿಕೀಟು ತೆಗೆಸಿದೆ. ಅದರಲ್ಲಾದರೆ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬಹುದು.